ಡಾರ್ಕ್‌ಟೇಬಲ್: ದುರ್ಗದ ಬಂಡೆ, ಸಂಜೆಯ ಬಿಸಿಲು ಮತ್ತು ಐದು ವರ್ಷ

ಚಿತ್ರದುರ್ಗದ ಕೋಟೆಯನ್ನು ಸಂಜೆ ಹೊತ್ತಿನಲ್ಲಿ ಸೆರೆಹಿಡಿಯಲು ಹೊರಟವರಿಗೆ ಈ ಪಾಡು ಗೊತ್ತು. ಬಂಡೆಯ ಪಡುವಣ ಮೈ ಕೆಂಡದಂತೆ ಹೊಳೆಯುತ್ತಿರುತ್ತದೆ. ಅದರ ಮಗ್ಗುಲಿನ ಬತೇರಿ ಆಗಲೇ ಕತ್ತಲಲ್ಲಿರುತ್ತದೆ. ಕಣ್ಣಿಗೆ ಎರಡೂ ಕಾಣುತ್ತವೆ, ಕ್ಯಾಮೆರಾಕ್ಕೆ ಕಾಣುವುದಿಲ್ಲ. ಕಂಡದ್ದನ್ನು ಮರಳಿ ಪಡೆಯಲು ಐದು ವರ್ಷಗಳಿಂದ ನಾನು ಡಾರ್ಕ್‌ಟೇಬಲ್ ಎಂಬ ಚಿತ್ರ ತಿದ್ದುವ ತಂತ್ರಾಂಶ ಬಳಸುತ್ತಿದ್ದೇನೆ.

2009ರಲ್ಲಿ ಶುರುವಾದ ಮುಕ್ತ ತಂತ್ರಾಂಶವಿದು, ದುಡ್ಡು ಕೊಡಬೇಕಿಲ್ಲ. ಕ್ಯಾಮೆರಾ ಕೊಟ್ಟ ಮೂಲ ಕಚ್ಚಾ ಕಡತವನ್ನು (ರಾ) ಮುಟ್ಟದೆ, ಮಾಡಿದ ತಿದ್ದುಪಡಿಗಳನ್ನು ಪಕ್ಕದ ಎಕ್ಸ್‌ಎಂಪಿ ಕಡತದಲ್ಲಿ ಬರೆದಿಡುತ್ತದೆ. ಹಾಗಾಗಿ ಮೊದಲ ವರ್ಷದ ಚಿತ್ರಗಳನ್ನು ಈಗ ತೆರೆದು ಹೊಸದಾಗಿ ತಿದ್ದುತ್ತಿದ್ದೇನೆ.

ತಿದ್ದಲೇಬೇಕಾಗಿತ್ತು. ಆಗ ನೆರಳನ್ನೆಲ್ಲ ಎತ್ತಿ, ಬಣ್ಣ ಏರಿಸಿ, ಆಕಾಶವನ್ನು ಕಡುನೀಲಿ ಮಾಡಿದ್ದೆ. ಅದನ್ನು ನೋಡಿದ ಅಮ್ಮ, "ಮಳೆ ಬಂದ ಮರುದಿನ ತೆಗೆದದ್ದೇನೋ?" ಎಂದು ಕೇಳಿದರು. ತೆಗೆದದ್ದು ಏಪ್ರಿಲ್‌ನಲ್ಲಿ. ಬಣ್ಣ ಗಾಢವಾದ ಕಲ್ಲು ಒದ್ದೆಯಾದಂತೆ ಕಾಣುತ್ತದೆ. ನಮ್ಮದು ಧೂಳಿನ, ಒಣ ಬೆಳಕಿನ ಊರು. ಅಮ್ಮ ಒಂದೇ ಪ್ರಶ್ನೆಯಲ್ಲಿ ಅದನ್ನು ಹಿಡಿದಿದ್ದರು.

ಈಗ ನಾನು ಹೆಚ್ಚು ನೆಚ್ಚಿರುವುದು ಟೋನ್ ಈಕ್ವಲೈಜರ್ ಎಂಬ ಸಲಕರಣೆಯನ್ನು. ಚಿತ್ರದ ಬೆಳಕನ್ನು ಅದು ಕಡುಗಪ್ಪಿನಿಂದ ಬಿಳಿಯವರೆಗೆ ಒಂಬತ್ತು ಮೆಟ್ಟಿಲುಗಳಾಗಿ ವಿಂಗಡಿಸುತ್ತದೆ. ಬತೇರಿಯ ಮೇಲೆ ಮೌಸ್ ಇಟ್ಟು ಚಕ್ರ ತಿರುಗಿಸಿದರೆ ಆ ಮೆಟ್ಟಿಲಿನ ಬೆಳಕಷ್ಟೇ ಏರುತ್ತದೆ, ಕಲ್ಲಿನ ಒರಟು ಮಾಸುವುದಿಲ್ಲ. ಮುಕ್ಕಾಲು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟು) ಏರಿಸಿದಾಗ ಗಾರೆಯಿಲ್ಲದೆ ಕೂರಿಸಿದ ಕಲ್ಲುಗಳ ಸಂದು ಒಂದೊಂದಾಗಿ ಕಾಣಿಸಿತು. ಒಂದೂವರೆಗೆ ಹೋದಾಗ ಸಂಜೆಯೇ ಹೋಯಿತು. ಮುಕ್ಕಾಲಿಗೇ ನಿಲ್ಲಿಸಿದೆ. ಬಂಡೆಗಳ ನಡುವಿನ ಕಿಂಡಿಗಳನ್ನು ಮಾತ್ರ ಕಪ್ಪಾಗಿಯೇ ಬಿಡುತ್ತೇನೆ. ಆ ಕತ್ತಲಿಲ್ಲದಿದ್ದರೆ ಬಂಡೆಗೆ ತೂಕವೇ ಇರುವುದಿಲ್ಲ.

ಕಲಿಯುವುದು ಸುಲಭವಲ್ಲ. ಸಲಕರಣೆಗಳು ರಾಶಿ ಇವೆ. ನನಗೆ ನಿತ್ಯ ಬೇಕಾಗುವುದು ಆರೇಳು. ಹಳೆಯ ಲ್ಯಾಪ್‌ಟಾಪ್‌ನಲ್ಲಿ ನಿಧಾನ. ಅವಸರದಲ್ಲಿ ನೂರು ಮದುವೆ ಚಿತ್ರ ಮುಗಿಸಬೇಕಾದವರಿಗೆ ಇದನ್ನು ಹೇಳಲಾರೆ. ಒಂದು ಬೆಟ್ಟದ ಮುಂದೆ ಗಂಟೆಗಟ್ಟಲೆ ಕೂರುವವರಿಗೆ ಖಂಡಿತ ಹೇಳುತ್ತೇನೆ.

2022ರಲ್ಲಿ ಮಾರಿಕಣಿವೆ ಅಣೆಕಟ್ಟು ಕೋಡಿ ಬಿದ್ದಿತು, 1933ರ ನಂತರ ಮೊದಲ ಬಾರಿಗೆ. ಮೋಡ ಕವಿದ ದಿನ ಹೋಗಿದ್ದೆ. ನೀರು, ಗುಡ್ಡ, ಆಕಾಶ ಎಲ್ಲವೂ ಬೂದು. ಕಾಂಟ್ರಾಸ್ಟ್ ಏರಿಸಲು ಕೈ ಹೋಗಿತ್ತು, ತಡೆದೆ. ಎಕ್ಸ್‌ಪೋಷರ್, ಅಂದರೆ ಇಡೀ ಚಿತ್ರದ ಬೆಳಕನ್ನು, ಅರ್ಧ ಸ್ಟಾಪ್ ಹೆಚ್ಚಿಸಿದೆ, ಕೋಡಿಯ ನೊರೆಯ ಬಿಳುಪನ್ನು ಸ್ವಲ್ಪ ತಗ್ಗಿಸಿದೆ, ಅಷ್ಟೇ. ಮನೆಯ ಗೋಡೆಯ ಮೇಲೆ ಈಗ ಇರುವುದು ಅದೇ ಚಿತ್ರ.