ಗೋಡೆಯ ಟೈಂಟೇಬಲ್, ಫೋನಿನ ಕ್ಯಾಲೆಂಡರ್, 25 ನಿಮಿಷದ ಟೈಮರ್: ಎಂಎಸ್ಸಿಗೆ ಯಾವುದು ಒಗ್ಗುತ್ತದೆ?

ಡಿಗ್ರಿಯಲ್ಲಿದ್ದಾಗ ಟೈಂಟೇಬಲ್ ಅಂದರೆ ನೋಟಿಸ್ ಬೋರ್ಡ್ ನೋಡಿ ಬರೆದುಕೊಂಡು ಬಂದ ಒಂದು ಹಾಳೆ, ಅಷ್ಟೇ. ಎಂಎಸ್ಸಿ ಕೆಮಿಸ್ಟ್ರಿಗೆ ಅದು ಸಾಲದು. ಬೆಳಿಗ್ಗೆ ಥಿಯರಿ, ಮಧ್ಯಾಹ್ನ ನಾಲ್ಕು ಗಂಟೆ ಪ್ರಾಕ್ಟಿಕಲ್, ನಡುವೆ ಸೆಮಿನಾರ್, ಇಂಟರ್ನಲ್ಸ್, ಬೇರೆ ವಿಭಾಗಕ್ಕೆ ಓಡಬೇಕಾದ ಓಪನ್ ಎಲೆಕ್ಟಿವ್. ಇಷ್ಟರ ಜೊತೆಗೆ ನೆಟ್ (ಲೆಕ್ಚರರ್ ಆಗೋಕೆ, ರಿಸರ್ಚ್ ಫೆಲೋಶಿಪ್‌ಗೆ ಬರೆಯುವ ರಾಷ್ಟ್ರಮಟ್ಟದ ಪರೀಕ್ಷೆ) ತಯಾರಿ ಬೇರೆ. ಇದನ್ನೆಲ್ಲ ಹಿಡಿದಿಡಲು ನಾಲ್ಕು ದಾರಿ ನೋಡಿದೆ. ಎರಡು ಉಳಿದವು, ಒಂದು ಅರ್ಧ ಉಳಿಯಿತು, ಒಂದು ಗೋಡೆ ಮೇಲೇ ಬಣ್ಣ ಮಾಸಿತು.

ಗೋಡೆಯದನ್ನು ಬೇಗ ಮುಗಿಸಿಬಿಡುತ್ತೇನೆ. ಸ್ಕೆಚ್ ಪೆನ್ನಿನಲ್ಲಿ ಬರೆದು ಮಂಚದ ಪಕ್ಕ ಅಂಟಿಸಿದ ಚಾರ್ಟ್ ನೋಡೋಕೆ ಚೆಂದ. ಆದರೆ ರಾತ್ರಿ ಹತ್ತಕ್ಕೆ ವಾಟ್ಸಾಪ್ ಗ್ರೂಪಿನಲ್ಲಿ ‘ನಾಳೆ 10ರ ಕ್ಲಾಸ್ 2ಕ್ಕೆ’ ಅಂತ ಬಂದರೆ ಚಾರ್ಟಿಗೆ ಅದು ಗೊತ್ತಾಗಲ್ಲ. ಒಂದೆರಡು ವಾರ ಪೆನ್ಸಿಲ್‌ನಲ್ಲಿ ತಿದ್ದಬಹುದು, ಆಮೇಲೆ ಬೇಜಾರು.

ಇಲ್ಲಿ ಗೂಗಲ್ ಕ್ಯಾಲೆಂಡರ್ ಸಲೀಸಾಗಿ ಗೆಲ್ಲುತ್ತದೆ. ಸೆಮಿಸ್ಟರ್ ಶುರುವಾದಾಗ ಒಂದು ಸಂಜೆ ಕೂತು ಪ್ರತಿ ಕ್ಲಾಸನ್ನೂ ‘ವಾರವಾರ, ಇಂಥ ತಾರೀಖಿನವರೆಗೆ’ ಅಂತ ಹಾಕಿದರೆ ಮುಗಿಯಿತು. ಕ್ಲಾಸಿನ ಸಮಯ ಬದಲಿಸಿದಾಗ ಅದು ಕೇಳುತ್ತದೆ: ಇದೊಂದನ್ನೇ ಬದಲಿಸಲಾ, ಇಲ್ಲಿಂದ ಮುಂದಿನದ್ದೆಲ್ಲಾನಾ, ಎಲ್ಲವನ್ನೂನಾ? ನನಗೆ ಬೇಕಿದ್ದದ್ದು ಈ ಒಂದು ಪ್ರಶ್ನೆಯೇ. ನಮ್ಮಲ್ಲಿ ಬದಲಾವಣೆ ಹೆಚ್ಚಾಗಿ ‘ಇದೊಂದೇ’ ಬಗೆಯದು.

ಹಾಜರಿ ಲೆಕ್ಕಕ್ಕೂ ಅದನ್ನೇ ಬಳಸುತ್ತೇನೆ. ಶೇ. 75 ಹಾಜರಿ ಇರಬೇಕು ಅಲ್ವಾ? ವಾರಕ್ಕೆ ನಾಲ್ಕರಂತೆ 16 ವಾರ ಪಾಠ ನಡೆದರೆ ಒಂದು ಪೇಪರಿಗೆ 64 ಕ್ಲಾಸ್. ತಪ್ಪಿಸಬಹುದಾದದ್ದು 16. ತಪ್ಪಿದ ಕ್ಲಾಸಿಗೆ ಕೆಂಪು ಬಣ್ಣ ಕೊಡುತ್ತೇನೆ. ತಿಂಗಳ ನೋಟದಲ್ಲಿ ಕೆಂಪು ಜಾಸ್ತಿ ಕಂಡರೆ ಆ ತಿಂಗಳು ಊರಿಗೆ ಹೋಗುವ ಮಾತಿಲ್ಲ.

ಆದರೆ ಕ್ಯಾಲೆಂಡರಿನಲ್ಲಿ ಓದೋಕೆ ಸಮಯ ಹಾಕೋದು ನನ್ನ ಕೈಲಿ ಆಗಲೇ ಇಲ್ಲ. ‘6ರಿಂದ 8, ಸ್ಪೆಕ್ಟ್ರೋಸ್ಕೋಪಿ’ ಅಂತ ನೀಲಿ ಡಬ್ಬ ಹಾಕಿರುತ್ತೇನೆ. ಆರಕ್ಕೆ ಫೋನ್ ಟಿಂಗ್ ಅನ್ನುತ್ತದೆ, ಬೆರಳು ಅದನ್ನು ಪಕ್ಕಕ್ಕೆ ತಳ್ಳುತ್ತದೆ. ಕ್ಲಾಸಿಗೆ ಹೋಗದಿದ್ದರೆ ಕೇಳೋರು ಇದ್ದಾರೆ. ನೀಲಿ ಡಬ್ಬಕ್ಕೆ ಯಾರಿದ್ದಾರೆ?

ಅದಕ್ಕೇ ಪೊಮೊಡೊರೊ. 1980ರ ದಶಕದ ಕೊನೆಗೆ ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ ಓದುವ ದಿನಗಳಲ್ಲಿ ಕಂಡುಕೊಂಡ ದಾರಿ ಇದು. 25 ನಿಮಿಷ ಕೆಲಸ, 5 ನಿಮಿಷ ಬಿಡುವು, ನಾಲ್ಕು ಸುತ್ತಾದ ಮೇಲೆ ದೊಡ್ಡ ಬಿಡುವು. ಲ್ಯಾಬಿನಲ್ಲಿ ಇದು ಸುಮ್ನೆ ತಮಾಷೆ. ರಿಫ್ಲಕ್ಸ್‌ಗೆ (ಆವಿ ತಣಿದು ಮತ್ತೆ ಪಾತ್ರೆಗೇ ಬೀಳುವಂತೆ ಕುದಿಸೋಕೆ) ಇಟ್ಟ ರಿಯಾಕ್ಷನ್ ಮೂರು ಗಂಟೆ ಅಂದರೆ ಮೂರು ಗಂಟೆ. ಮಿಶ್ರಣ ಬೇರ್ಪಡಿಸೋಕೆ ಕಾಲಂ (ಸಿಲಿಕಾ ಪುಡಿ ತುಂಬಿ, ಮೇಲಿಂದ ಸಾಲ್ವೆಂಟ್ ಸುರಿಯುವ ಗಾಜಿನ ಕೊಳವೆ) ಹಾಕಿದಾಗಲಂತೂ ಏಳೋ ಹಾಗೇ ಇಲ್ಲ. ಸಾಲ್ವೆಂಟ್ ಸಿಲಿಕಾಗಿಂತ ಕೆಳಗಿಳಿದರೆ ಕಾಲಂ ಒಣಗಿ ಬಿರುಕು ಬಿಡುತ್ತದೆ. ಚೆನ್ನಾಗಿ ಬೇರ್ಪಡುತ್ತಿದ್ದ ಪಟ್ಟಿಗಳು ಕಲಸಿಹೋಗುತ್ತವೆ. ಅಲ್ಲಿ ಟೈಮರ್ ಹೊಡೆದುಕೊಂಡರೆ ಯಾರು ಕೇಳುತ್ತಾರೆ?

ನೆಟ್ ಲೆಕ್ಕಗಳಿಗೆ ಮಾತ್ರ ಅದೇ ಟೈಮರ್ ಹೇಳಿ ಮಾಡಿಸಿದಂತಿದೆ. ಸಿಎಸ್‌ಐಆರ್ ನೆಟ್ ಕೆಮಿಸ್ಟ್ರಿ ಪೇಪರಿನಲ್ಲಿ ಮೂರು ಗಂಟೆಗೆ 75 ಪ್ರಶ್ನೆ ಉತ್ತರಿಸಬೇಕು. ಒಂದಕ್ಕೆ ಎರಡೂವರೆ ನಿಮಿಷವೂ ಸಿಗಲ್ಲ. ಅಂದರೆ 25 ನಿಮಿಷದ ಒಂದು ಸುತ್ತಿಗೆ ಹತ್ತು ಪ್ರಶ್ನೆ. ಹಳೇ ಪೇಪರಿನಿಂದ ಹತ್ತನ್ನು ಆರಿಸಿ ಟೈಮರ್ ಒತ್ತಿ ಕೂರುತ್ತೇನೆ. ಏಳನೇದಕ್ಕೇ ಗಂಟೆ ಹೊಡೆದರೆ ಎಲ್ಲಿ ಸಿಕ್ಕಿಕೊಂಡೆ ಅಂತ ಆಗಲೇ ಗೊತ್ತಾಗುತ್ತದೆ. ಹೊಸ ಥಿಯರಿ ಓದುವಾಗ ಟೈಮರ್ ಬಂದ್. ಗ್ರೂಪ್ ಥಿಯರಿ ತಲೆಗೆ ಹತ್ತೋಕೇ 25 ನಿಮಿಷ ಬೇಕು, ಆಗ ಎದ್ದು ನೀರು ಕುಡಿಯಿರಿ ಅಂದರೆ ಹೇಗೆ!

ನಾಲ್ಕನೆಯದು ಹತ್ತಿಪ್ಪತ್ತು ರೂಪಾಯಿಯ ಪಾಕೆಟ್ ನೋಟ್‌ಬುಕ್. ನಾಲ್ಕರಲ್ಲಿ ಒಂದನ್ನೇ ಇಟ್ಟುಕೋ ಅಂದರೆ ಇದನ್ನೇ ಇಟ್ಟುಕೊಳ್ಳುತ್ತೇನೆ. ಸಂಜೆ ಲ್ಯಾಬಿನಲ್ಲಿ ಗ್ಲಾಸ್‌ವೇರ್ ತೊಳೆದಿಟ್ಟ ಮೇಲೆ ನಾಳೆಯ ಕೆಲಸ ಬರೆಯುತ್ತೇನೆ, ಮೂರಕ್ಕಿಂತ ಜಾಸ್ತಿ ಇಲ್ಲ. ಪ್ರತಿಯೊಂದರ ಮುಂದೆ ಒಂದು ಗೆರೆ, ಅದರ ಎಡಕ್ಕೆ ನನ್ನ ಅಂದಾಜು, ಬಲಕ್ಕೆ ನಿಜಕ್ಕೂ ಹಿಡಿದ ಸಮಯ. ‘ಸೆಮಿನಾರ್ ಸ್ಲೈಡ್ಸ್: 1 ಗಂಟೆ / 3 ಗಂಟೆ.’ ‘ಲ್ಯಾಬ್ ರೆಕಾರ್ಡ್: ಅರ್ಧ / ಒಂದೂವರೆ.’ ಜನ ತಮ್ಮ ಕೆಲಸಕ್ಕೆ ಬೇಕಾದ ಸಮಯವನ್ನು ಹೀಗೆ ಕಡಿಮೆ ಅಂದಾಜು ಮಾಡುವುದರ ಬಗ್ಗೆ ಮನೋವಿಜ್ಞಾನಿಗಳಾದ ಕಾನೆಮನ್ ಮತ್ತು ಟ್ವರ್ಸ್ಕಿ 1979ರಲ್ಲೇ ಬರೆದಿದ್ದಾರೆ. ಬಲಗಡೆಯ ಅಂಕಿ ನೋಡಿ ನೋಡಿ ಈಗ ಸ್ಲೈಡ್ಸ್‌ಗೆ ಮೂರು ಗಂಟೆ ಅಂತಲೇ ಬರೆಯುತ್ತೇನೆ. ಯಾವ ಆ್ಯಪೂ ನನಗೆ ಇಷ್ಟು ನೇರವಾಗಿ ಹೇಳಲಿಲ್ಲ. ಕುಂದು ಅಂದರೆ ಅದು ನೆನಪಿಸಲ್ಲ, ತೆಗೆದು ನೋಡಬೇಕು. ಎಪ್ರನ್ ಜೇಬಿನಲ್ಲಿ ಅಸಿಟೋನ್ ತಾಗಿ ಶಾಯಿ ಹರಡುವುದೂ ಉಂಟು. ಬಾಲ್‌ಪೆನ್ ಬಿಟ್ಟು ಪೆನ್ಸಿಲ್ ಹಿಡಿಯಿರಿ.

ಹಾಗಾಗಿ ಈಗ ಬೇರೆಯವರು ಗೊತ್ತು ಮಾಡಿದ ಸಮಯವೆಲ್ಲ ಫೋನಿನಲ್ಲಿ, ನಾನು ಗೊತ್ತು ಮಾಡಬೇಕಾದದ್ದು ನೋಟ್‌ಬುಕ್ಕಿನಲ್ಲಿ. ಇದು ಹಾಸ್ಟೆಲಿನಲ್ಲಿ ಇರೋರಿಗೆ ಸರಿ. ಮಂಡ್ಯದಿಂದ ದಿನಾ ರೈಲಿನಲ್ಲಿ ಮೈಸೂರಿಗೆ ಬರುವ ಗೆಳತಿ ಒಪ್ಪುವುದಿಲ್ಲ. “ಟ್ರೈನಲ್ಲಿ ನಿಲ್ಲೋಕೇ ಜಾಗ ಇಲ್ಲ ಕಣೇ, ನೋಟ್‌ಬುಕ್ ಎಲ್ಲಿಂದ ತೆಗೀಲಿ?” ಅನ್ನುತ್ತಾಳೆ. ಅವಳ ಮೂರು ಕೆಲಸಗಳೂ ಫೋನಿನಲ್ಲೇ ಇವೆ, ವಾಟ್ಸಾಪಿನಲ್ಲಿ ತನಗೆ ತಾನೇ ಕಳಿಸಿಕೊಂಡ ಮೆಸೇಜಾಗಿ.