ಗ್ಲಾಸಿನಲ್ಲಿ ಕೊಚ್ಚೆ ತೋರಿಸುವವರಿಗೆ ಬಾಗಿಲು ತೆಗೆಯುವ ಮುಂಚೆ ಇದನ್ನು ಓದಿ

ನಮ್ಮದು ಹಿರಿಯೂರು. ಮನೆಯಲ್ಲಿ ಅಮ್ಮ ಒಬ್ಬರೇ ಇರುತ್ತಾರೆ. ನಾನು ತುಮಕೂರಿನಲ್ಲಿ ಕೆಲಸದಲ್ಲಿದ್ದೇನೆ, ಹದಿನೈದು ದಿನಕ್ಕೊಮ್ಮೆ ಊರಿಗೆ ಹೋಗಿ ಬರುತ್ತೇನೆ. ಕಳೆದ ವರ್ಷ ಬೇಸಿಗೆಯಿಂದ ದಸರಾವರೆಗೆ ನಮ್ಮ ಮನೆಯಲ್ಲಿ ನಡೆದದ್ದನ್ನು ಏನೂ ಬಚ್ಚಿಡದೆ ಬರೆಯುತ್ತಿದ್ದೇನೆ. ಇಂಥದ್ದೇ ಗುಂಪು ಈಗ ಅಕ್ಕಪಕ್ಕದ ಊರುಗಳಲ್ಲೂ ತಿರುಗುತ್ತಿದೆ ಎಂದು ಕೇಳಿದ ಮೇಲೆ ಸುಮ್ನೆ ಇರಲು ಆಗಲಿಲ್ಲ.

ಮೇ ತಿಂಗಳ ಒಂದು ಭಾನುವಾರ. ನಾನೂ ಮನೆಯಲ್ಲೇ ಇದ್ದೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ ಇಬ್ಬರು ಹುಡುಗರು ಬಂದರು. ಕೊರಳಲ್ಲಿ ಗುರುತಿನ ಚೀಟಿ ನೇತಾಡುತ್ತಿತ್ತು. "ನೀರಿನ ತಪಾಸಣೆ ಮೇಡಂ, ಎಲ್ಲರ ಮನೆಯಲ್ಲೂ ಮಾಡ್ತಿದೀವಿ, ಫ್ರೀ" ಎಂದರು. ಸರ್ಕಾರದ ಕಡೆಯವರು ಅಂತ ಅವರು ಹೇಳಲಿಲ್ಲ. ಅಲ್ಲ ಅಂತಲೂ ಹೇಳಲಿಲ್ಲ. ತಪಾಸಣೆ ಎಂಬ ಮಾತು ಕೇಳಿ ನಾವೇ ಹಾಗೆ ಅಂದುಕೊಂಡೆವು. ಚೀಟಿಯ ಮೇಲೆ ಏನು ಬರೆದಿದೆ ಎಂದು ಹತ್ತಿರ ಹೋಗಿ ಓದಲೂ ಇಲ್ಲ.

ಊಟದ ಮೇಜಿನ ಮೇಲೆ ಎರಡು ಗಾಜಿನ ಲೋಟ ಇಟ್ಟರು. ಒಂದರಲ್ಲಿ ನಮ್ಮ ನಲ್ಲಿ ನೀರು, ಇನ್ನೊಂದರಲ್ಲಿ ಅವರೇ ಬಾಟಲಿಯಲ್ಲಿ ತಂದ ನೀರು. ಬ್ಯಾಗಿನಿಂದ ಒಂದು ಕಪ್ಪು ಡಬ್ಬಿ ತೆಗೆದರು. ಅದರ ಅಡಿಯಲ್ಲಿ ಲೋಹದ ನಾಲ್ಕು ಕಡ್ಡಿ, ಲೋಟಕ್ಕೆ ಎರಡರಂತೆ. ಕಡ್ಡಿಗಳನ್ನು ನೀರಿನಲ್ಲಿ ಇಳಿಬಿಟ್ಟು ಪ್ಲಗ್ ಹಾಕಿದರು. ಅರ್ಧ ನಿಮಿಷಕ್ಕೆ ನಮ್ಮ ಲೋಟ ಹಳದಿಯಾಯಿತು. ಆಮೇಲೆ ಪಾಚಿಯ ಹಸಿರು. ಎರಡು ನಿಮಿಷ ಆಗುವಷ್ಟರಲ್ಲಿ ಕಂದು ಬಣ್ಣದ ರಾಡಿ, ಮೇಲೆ ನೊರೆ, ತಳದಲ್ಲಿ ಗಸಿ. ಅವರ ಲೋಟ ಮಾತ್ರ ಹಾಗೇ ತಿಳಿಯಾಗಿತ್ತು.

"ಈ ಕೊಚ್ಚೆಯನ್ನೇ ದಿನಾ ಕುಡೀತಿದೀರ ಅಮ್ಮಾ. ಕಿಡ್ನಿ ಕಲ್ಲು, ಮಂಡಿನೋವು ಎಲ್ಲಾ ಇದರಿಂದಾನೇ." ಮಂಡಿ ಅಂದ ತಕ್ಷಣ ಅಮ್ಮನ ಕೈ ತಾನಾಗಿ ಮೊಣಕಾಲಿನ ಮೇಲೆ ಹೋಯಿತು. ಅದನ್ನು ಅವರು ನೋಡಿದರು. ನಾನೂ ನೋಡಿದೆ.

ನಮ್ಮ ನಲ್ಲಿಗೆ ಬರುವುದು ಮಾರಿಕಣಿವೆ ಅಣೆಕಟ್ಟಿನ, ಅಂದರೆ ವಾಣಿ ವಿಲಾಸ ಸಾಗರದ ನೀರು. ಅಮ್ಮನಿಗೆ ಆ ನೀರೆಂದರೆ ಅಭಿಮಾನ. 2022ರ ಸೆಪ್ಟೆಂಬರ್‌ನಲ್ಲಿ ವಾಣಿ ವಿಲಾಸ ಸಾಗರ 89 ವರ್ಷದ ಮೇಲೆ ಕೋಡಿ ಬಿದ್ದಾಗ ಮಂಡಿನೋವು ಮರೆತು ಹೋಗಿ ಬಾಗಿನ ಬಿಟ್ಟು ಬಂದವರು. "ಈ ನೀರು ಕುಡಿದೇ ನಿಮ್ಮನ್ನೆಲ್ಲ ಸಾಕಿದ್ದು" ಎನ್ನುತ್ತಿದ್ದವರು ಆ ಲೋಟ ನೋಡಿ ಮಾತಿಲ್ಲದೆ ಕೂತುಬಿಟ್ಟರು. ಅವರು ಮಾರುತ್ತಿದ್ದ, ನೀರು ಶುದ್ಧ ಮಾಡುವ ಆರ್‌ಓ ಮಷೀನಿಗೆಂದು ನಾನು ಅಲ್ಲಿಯೇ ಫೋನಿನಿಂದ 16,500 ರೂಪಾಯಿ ಕಳಿಸಿದೆ. ರಸೀದಿ ಕೇಳಿದ್ದಕ್ಕೆ ಮೊಬೈಲ್ ನಂಬರ್ ಇದ್ದ ಒಂದು ಕಾರ್ಡು ಕೊಟ್ಟರು. ಬಿಲ್ಲು ಆಮೇಲೆ ಬರುತ್ತೆ ಎಂದರು. ಬರಲೇ ಇಲ್ಲ.

ಮಾರನೇ ದಿನ ಬಂದು ಆರ್‌ಓ ಮಷೀನು ಕೂರಿಸಿದರು. ಹತ್ತಿರದಲ್ಲಿ ಪ್ಲಗ್ ಪಾಯಿಂಟ್ ಇರಲಿಲ್ಲವೆಂದು ಎಕ್ಸ್‌ಟೆನ್ಷನ್ ಬೋರ್ಡನ್ನು ಸಿಂಕಿನ ಮೇಲೆಯೇ, ಪಾತ್ರೆ ತೊಳೆಯುವಾಗ ನೀರು ಸಿಡಿಯುವ ಜಾಗದಲ್ಲಿ, ಮೊಳೆ ಹೊಡೆದು ನೇತುಹಾಕಿದರು. ಅಮ್ಮನ ಆಧಾರ್ ಕಾರ್ಡಿನ ಫೋಟೋ ತೆಗೆದುಕೊಂಡರು, ವಾರಂಟಿಗಂತೆ. ಮನೆಯಲ್ಲಿ ಎಷ್ಟು ಜನ, ಮಕ್ಕಳು ಎಲ್ಲಿದ್ದಾರೆ, ಯಾವಾಗ ಬರುತ್ತಾರೆ ಎಂದೆಲ್ಲ ಕೇಳಿದರಂತೆ. ಹೊರಡುವಾಗ ಹೇಳಿದ್ದು, "ಇನ್ಮೇಲೆ ನೀರು ಕಾಯಿಸೋ ತಾಪತ್ರಯ ಇಲ್ಲ ಅಮ್ಮಾ, ಗ್ಯಾಸ್ ಉಳಿಯುತ್ತೆ."

ನಮಗೆ ಎಲ್ಲಕ್ಕಿಂತ ಜಾಸ್ತಿ ಪೆಟ್ಟು ಕೊಟ್ಟದ್ದು ಆ ಮಾತು. ಅಮ್ಮ ಮದುವೆಯಾಗಿ ಬಂದಾಗಿನಿಂದ ರಾತ್ರಿ ಮಲಗುವ ಮುಂಚೆ ಒಂದು ಪಾತ್ರೆ ನೀರು ಕುದಿಸಿ ಮುಚ್ಚಿಡುತ್ತಿದ್ದರು. ಅವತ್ತಿಗೆ ನಿಲ್ಲಿಸಿದರು.

ಮೂರು ವಾರದ ಮೇಲೆ ಒಂದು ಮಧ್ಯಾಹ್ನ ಬೇರೆ ಒಬ್ಬ ಬಂದ. ಅಮ್ಮನ ಹೆಸರು ಹಿಡಿದು ಕರೆದ. ಮಗಳು ತುಮಕೂರಿನಲ್ಲಿರುವುದು ಅವನಿಗೆ ಗೊತ್ತಿತ್ತು. ಸರ್ವಿಸ್‌ಗೆ ಬಂದಿದ್ದೀನಿ ಎಂದು ನೇರ ಅಡುಗೆಮನೆಗೆ ನಡೆದ. "ನೀವು ಮೇಲೆ ಹೋಗಿ ಟ್ಯಾಂಕಿನ ವಾಲ್ವ್ ಬಂದ್ ಮಾಡಿ ಅಮ್ಮಾ, ನಾನಿಲ್ಲಿ ನೋಡ್ತೀನಿ" ಎಂದ. ಮಂಡಿನೋವಿನ ಹೆಂಗಸನ್ನು ಮಹಡಿ ಹತ್ತಿಸಿ ಕೆಳಗೆ ಒಬ್ಬನೇ ಇರುವ ಯೋಚನೆ. ಅಮ್ಮ ನಾಲ್ಕು ಮೆಟ್ಟಿಲು ಹತ್ತಿದ್ದರು. ಅಷ್ಟರಲ್ಲಿ ಪಕ್ಕದ ಮನೆ ಅಕ್ಕ ಮೊಸರಿಗೆ ಹೆಪ್ಪು ಕೇಳಲು ಬಂದರು. ಅವನು ಅಡುಗೆಮನೆಯಲ್ಲಿ ಇರಲಿಲ್ಲ, ಅಮ್ಮ ಮಲಗುವ ಕೋಣೆಯ ಬಾಗಿಲಲ್ಲಿದ್ದ. "ಯಾರಪ್ಪ ನೀನು, ಇಲ್ಲೇನ್ ಮಾಡ್ತಿದೀಯ?" ಎಂದು ಅಕ್ಕ ಜೋರು ಮಾಡಿದರು. ಸ್ಪ್ಯಾನರ್ ಬೈಕಿನಲ್ಲಿ ಮರೆತೆ ಎಂದು ಹೊರಗೆ ಹೋದವನು ಮತ್ತೆ ಬರಲಿಲ್ಲ. ಏನೂ ಕಳುವಾಗಲಿಲ್ಲ. ಆದರೆ ಅಮ್ಮ ಒಂದು ವಾರ ಸರಿಯಾಗಿ ನಿದ್ದೆ ಮಾಡಲಿಲ್ಲ. ನನಗೆ ಹೇಳಿದ್ದೂ ಆ ಒಂದು ವಾರ ಕಳೆದ ಮೇಲೆಯೇ. ಅವತ್ತೇ 112ಕ್ಕೆ ಫೋನ್ ಮಾಡಬೇಕಿತ್ತು. ಏನೂ ಹೋಗಿಲ್ಲವಲ್ಲ ಎಂದು ಸುಮ್ಮನಾದೆವು. ನೀವು ಹಾಗೆ ಮಾಡಬೇಡಿ.

ದಸರಾ ರಜೆಗೆ ತಂಗಿ ಮಗಳನ್ನು ಕರೆದುಕೊಂಡು ಬಂದಳು. ಮಗುವಿಗೆ ಆರು ವರ್ಷ. ನಾಲ್ಕನೇ ದಿನ ವಾಂತಿ ಭೇದಿ ಶುರುವಾಯಿತು. ರಾತ್ರಿ ಕಳೆಯುವಷ್ಟರಲ್ಲಿ ಕಣ್ಣು ಗುಳಿ ಬಿದ್ದು, ತುಟಿ ಒಣಗಿ, ಅಳುವುದಕ್ಕೂ ತ್ರಾಣ ಇಲ್ಲದ ಹಾಗಾಯಿತು. ಮೂರು ದಿನ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತದ್ದನ್ನು ನಮ್ಮ ಜಿಲ್ಲೆಯಲ್ಲಿ ಯಾರೂ ಮರೆತಿಲ್ಲ. ಆ ಮೂರು ದಿನ ನಮ್ಮ ತಲೆಯಲ್ಲಿ ಓಡುತ್ತಿದ್ದದ್ದು ಅದೊಂದೇ. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ಯಾವ ನೀರು ಕುಡಿಸುತ್ತಿದ್ದೀರಿ ಎಂದು. ಆರ್‌ಓ ನೀರು ಎಂದೆ. "ಸಂಪು ಎಲ್ಲಿದೆ?" ಎಂದರು.

ಮಗು ಮನೆಗೆ ಬಂದ ಮೇಲೆ ನಮ್ಮ ಬೀದಿಯ ನಿವೃತ್ತ ವಿಜ್ಞಾನ ಮೇಷ್ಟ್ರು ನೋಡಲು ಬಂದರು. ಕಪ್ಪು ಡಬ್ಬಿಯ ಕಥೆ ಕೇಳಿ ಮನೆಗೆ ಹೋಗಿ ಎರಡು ಕಬ್ಬಿಣದ ಮೊಳೆ, 9 ವೋಲ್ಟಿನ ಒಂದು ಬ್ಯಾಟರಿ, ವೈರು ತಂದರು. ಅಂಗಡಿಯಿಂದ ಒಂದು ಸೀಸೆ ಡಿಸ್ಟಿಲ್ಡ್ ವಾಟರ್ ತರಿಸಿದರು. ಮೊಳೆ ಅದ್ದಿ ಬ್ಯಾಟರಿ ಜೋಡಿಸಿದರೆ ಏನೂ ಆಗಲಿಲ್ಲ. ಅದಕ್ಕೇ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿದರು. ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಮೊಳೆಯ ಸುತ್ತ ಹಸಿರು ಎಳೆಗಳು, ಆಮೇಲೆ ಅದೇ ಕಂದು ರಾಡಿ.

"ನೋಡಮ್ಮ, ಈ ಬಣ್ಣ ನೀರಿನದ್ದಲ್ಲ, ಮೊಳೆಯದ್ದು" ಎಂದರು. ನೀರಿನಲ್ಲಿ ಉಪ್ಪು, ಖನಿಜ ಇದ್ದರೆ ಕರೆಂಟು ಹರಿಯುತ್ತದೆ. ಹರಿದಾಗ ಕಬ್ಬಿಣದ ಕಡ್ಡಿಯೇ ಸವೆದು ತುಕ್ಕಾಗಿ ನೀರಿಗೆ ಬೀಳುತ್ತದೆ. ಅವರು ತಂದ ನೀರಿನಲ್ಲಿ ಖನಿಜ ತೀರಾ ಕಡಿಮೆ, ಕರೆಂಟು ಹರಿಯುವುದಿಲ್ಲ, ಅದಕ್ಕೇ ತಿಳಿಯಾಗಿ ನಿಲ್ಲುತ್ತದೆ. "ಎಳನೀರಿಗೆ ಹಾಕಿದ್ರೂ ಹಿಂಗೇ ರಾಡಿ ಆಗುತ್ತೆ. ಎಳನೀರು ವಿಷ ಅಂತೀಯಾ?" ಎಂದು ಕೇಳಿದರು. ಅಮ್ಮ ತುಂಬಾ ಹೊತ್ತು ಆ ಲೋಟವನ್ನೇ ನೋಡುತ್ತಿದ್ದರು. (ಮಕ್ಕಳಿಗೆ ತೋರಿಸುವುದಾದರೆ ಬ್ಯಾಟರಿಯಲ್ಲೇ ತೋರಿಸಿ. ಮನೆ ಕರೆಂಟಿನಲ್ಲಿ ಯಾವ ಕಾರಣಕ್ಕೂ ಬೇಡ.)

ಆಮೇಲೆ ಗೊತ್ತಿರುವ ಮೆಕ್ಯಾನಿಕ್ ಒಬ್ಬರನ್ನು ಕರೆಸಿ ಮಷೀನು ಬಿಚ್ಚಿಸಿದೆವು. ಆರ್‌ಓ ಮಷೀನಿನ ಜೀವ ಇರುವುದು ನೀರು ಸೋಸುವ ಪೊರೆಯಲ್ಲಿ, ಅಂದರೆ ಮೆಂಬ್ರೇನ್‌ನಲ್ಲಿ. ನಮ್ಮದರಲ್ಲಿದ್ದದ್ದು ಕಂದು ಬಣ್ಣಕ್ಕೆ ತಿರುಗಿ ಅಂಚು ಹರಿದಿದ್ದ ಹಳೇ ಮೆಂಬ್ರೇನ್. "ಇದು ಯಾರ ಮನೇಲೋ ಬಳಸಿ ಬಿಸಾಕಿದ್ದು" ಎಂದರು ಅವರು. ಒಳಗೆ ಹೋಗುವ ನೀರಿನ ಟಿಡಿಎಸ್ (ಒಂದು ಲೀಟರಿನಲ್ಲಿ ಕರಗಿರುವ ಉಪ್ಪು, ಖನಿಜ, ಮಿಲಿಗ್ರಾಂ ಲೆಕ್ಕದಲ್ಲಿ) 710, ಹೊರಗೆ ಬರುವುದರದ್ದು 640. ಐದು ತಿಂಗಳು ಅಮ್ಮ ಕುಡಿದದ್ದು ಹೆಚ್ಚುಕಡಿಮೆ ಸಂಪಿನ ನೀರನ್ನೇ, ಅದೂ ಕುದಿಸದೆ. ಕಾರ್ಡಿನಲ್ಲಿದ್ದ ನಂಬರ್ ಅಷ್ಟು ಹೊತ್ತಿಗೆ ಚಾಲ್ತಿಯಲ್ಲಿ ಇರಲಿಲ್ಲ.

ಆಗ ಮಾಡಿದ ಕೆಲಸವನ್ನು ಮೇ ತಿಂಗಳಲ್ಲೇ ಮಾಡಬೇಕಿತ್ತು. ಜಿಲ್ಲಾ ಕೇಂದ್ರದಲ್ಲಿ ಸರ್ಕಾರದ ಕುಡಿಯುವ ನೀರಿನ ಪ್ರಯೋಗಾಲಯ ಇದೆ. ಜಲ ಜೀವನ್ ಮಿಷನ್ ಬಂದ ಮೇಲೆ ಇಂಥ ಲ್ಯಾಬುಗಳಲ್ಲಿ ಸಾರ್ವಜನಿಕರ ನೀರನ್ನೂ ಕಡಿಮೆ ಶುಲ್ಕಕ್ಕೆ ನೋಡಿಕೊಡುತ್ತಾರೆ. ಕ್ರಿಮಿ ಪರೀಕ್ಷೆಗೆ ಮನೆಯ ಬಾಟಲಿ ನಡೆಯುವುದಿಲ್ಲ. ಲ್ಯಾಬಿನವರೇ ಕೊಡುವ ಶುದ್ಧ ಮಾಡಿದ ಬಾಟಲಿಯಲ್ಲಿ ಹಿಡಿದು, ಐಸ್ ಪೆಟ್ಟಿಗೆಯಲ್ಲಿಟ್ಟು, ಒಂದು ದಿನದೊಳಗೆ ಮುಟ್ಟಿಸಬೇಕು. ಮುಚ್ಚಳದ ಒಳಭಾಗಕ್ಕೆ ಬೆರಳು ತಾಗಬಾರದು. ನಾವು ಮೂರು ಕಡೆಯ ನೀರು ಕೊಟ್ಟೆವು.

ಬೀದಿ ನಲ್ಲಿಯಿಂದ ನೇರವಾಗಿ ಹಿಡಿದ ನೀರು: ಟಿಡಿಎಸ್ 380, ಫ್ಲೋರೈಡ್ ಲೀಟರಿಗೆ 0.6 ಮಿಲಿಗ್ರಾಂ, ಕ್ರಿಮಿ ಇಲ್ಲ. ಅಮ್ಮನ ಮಾರಿಕಣಿವೆ ನೀರು ಚೆನ್ನಾಗಿಯೇ ಇತ್ತು. ನಮ್ಮ ಮನೆ ಬೋರ್‌ವೆಲ್: ಟಿಡಿಎಸ್ 1,240, ಫ್ಲೋರೈಡ್ 2.1. ಸಂಪಿನ ನೀರು: ಇ. ಕೊಲೈ ಇದೆ. ಅಂದರೆ ಅದಕ್ಕೆ ಮಲದ ಸಂಪರ್ಕ ಆಗಿದೆ.

ಸಂಪು ಖಾಲಿ ಮಾಡಿಸಿದಾಗ ಕಾರಣ ಕಣ್ಣಿಗೇ ಕಂಡಿತು. ಕಕ್ಕಸಿನ ಗುಂಡಿ ಇರುವುದು ಸಂಪಿನ ಗೋಡೆಯಿಂದ ಆರಡಿ ದೂರದಲ್ಲಿ. ಆ ಬದಿಯ ಗೋಡೆಯಲ್ಲಿ ಮಂಡಿ ಎತ್ತರಕ್ಕೆ ಗಾರೆ ಕಿತ್ತು ಹೋಗಿ ಕೂದಲೆಳೆಯಂಥ ಬಿರುಕು. ಅದರ ಉದ್ದಕ್ಕೂ ಗೋಡೆ ಬೆವರಿದ ಹಾಗೆ ಒದ್ದೆ, ಒರೆಸಿದರೆ ಮತ್ತೆ ಒಸರುತ್ತಿತ್ತು. ಸಂಪಿಗೆ ಇಳಿಸುವವರು ಒಂದು ಮಾತು ನೆನಪಿಡಿ. ಮುಚ್ಚಳ ತೆಗೆದು ಗಂಟೆಗಟ್ಟಲೆ ಗಾಳಿಯಾಡಲು ಬಿಡಿ, ಯಾರನ್ನೂ ಒಬ್ಬರನ್ನೇ ಇಳಿಸಬೇಡಿ, ಮೇಲೆ ಹಗ್ಗ ಹಿಡಿದು ಒಬ್ಬರು ನಿಂತಿರಲಿ. ಮಕ್ಕಳನ್ನು ಆ ಹತ್ತಿರ ಬಿಡಲೇಬೇಡಿ.

ಇಷ್ಟೆಲ್ಲ ಆದ ಮೇಲೆ ಒಂದು ವಿಷಯ ತಲೆಗೆ ಹತ್ತಿತು. ಟಿಡಿಎಸ್ ಮೀಟರು ನೀರಿನಲ್ಲಿ ಎಷ್ಟು ಉಪ್ಪು, ಖನಿಜ ಕರಗಿದೆ ಎಂದಷ್ಟೇ ಹೇಳುತ್ತದೆ. ಕ್ರಿಮಿ ಅದಕ್ಕೆ ಕಾಣುವುದಿಲ್ಲ, ಫ್ಲೋರೈಡ್ ಎಷ್ಟಿದೆ ಎಂದೂ ಬೇರೆಯಾಗಿ ಗೊತ್ತಾಗುವುದಿಲ್ಲ. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಇದೆ. ಅದರ ಪ್ರಕಾರ ಟಿಡಿಎಸ್ 500ರ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 2,000ದವರೆಗೆ ನಡೆಯುತ್ತದೆ. ಫ್ಲೋರೈಡ್ 1 ಮಿಲಿಗ್ರಾಂ ಇರಬಹುದು, 1.5 ದಾಟಬಾರದು. ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಓ ಬೇಡ ಎಂದು 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೇ ಹೇಳಿತ್ತು. ನಮ್ಮ ನಲ್ಲಿ ನೀರಿಗೆ ಆ ಮಷೀನು ಬೇಕಾಗಿಯೇ ಇರಲಿಲ್ಲ.

ಬೋರ್ ನೀರಿನ ಮಾತು ಬೇರೆ. ಚಿತ್ರದುರ್ಗ, ಪಾವಗಡ, ಕೋಲಾರದ ಕಡೆಯವರಿಗೆ ಫ್ಲೋರೈಡ್ ಹೊಸದಲ್ಲ. ಹಲ್ಲಿನ ಮೇಲೆ ಕಂದು ಪಟ್ಟೆ, ವರ್ಷಗಟ್ಟಲೆ ಕುಡಿದರೆ ಬೆನ್ನು, ಕೀಲು ಬಿಗಿಯುವುದು, ಎಲ್ಲ ಕಣ್ಣೆದುರೇ ಇದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಇನ್ನೂ ಗಟ್ಟಿಯಾಗುತ್ತದೆ. ಬೇಸಿಗೆಯಲ್ಲಿ ನಲ್ಲಿ ನೀರು ಸಾಲದೆ ನಾವು ಬೋರ್ ನೀರನ್ನೂ ಅದೇ ಸಂಪಿಗೆ ಬಿಡುತ್ತಿದ್ದೆವು. ಈಗ ನಿಲ್ಲಿಸಿದ್ದೇವೆ. ಕುಡಿಯಲು, ಅಡುಗೆಗೆ ನಲ್ಲಿ ನೀರು ಮಾತ್ರ, ಬೀದಿ ನಲ್ಲಿ ಬಂದಾಗಲೇ ನೇರವಾಗಿ ಕೊಳಗ ತುಂಬಿಕೊಂಡು. ಬೋರ್ ಬಟ್ಟೆ, ಬಚ್ಚಲಿಗೆ. ಅಮ್ಮ ಮತ್ತೆ ರಾತ್ರಿ ನೀರು ಕುದಿಸುತ್ತಾರೆ, ಕೊತಕೊತ ಕುದಿ ಬಂದ ಮೇಲೂ ಒಂದೆರಡು ನಿಮಿಷ ಬಿಡುತ್ತಾರೆ. ಸಂಪಿನ ಬಿರುಕು ತೆಗೆಸಿ ಹೊಸ ಗಾರೆ ಮಾಡಿಸಿದೆವು. ಈಗ ಹೊಸ ನೀರು ತುಂಬಿಸಿದಾಗ 1,000 ಲೀಟರಿಗೆ 2.5 ಗ್ರಾಂ ಲೆಕ್ಕದಲ್ಲಿ ಬ್ಲೀಚಿಂಗ್ ಪೌಡರನ್ನು ಬೇರೆಯಾಗಿ ಸ್ವಲ್ಪ ನೀರಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿ ಮಾತ್ರ ಹಾಕಿ, ಒಂದು ಗಂಟೆ ಬಿಟ್ಟು ಬಳಸುತ್ತೇವೆ. ಸಿಂಕಿನ ಮೇಲಿನ ಬೋರ್ಡು ಕಿತ್ತು ಹಾಕಿದ್ದೇವೆ. ಗುಂಡಿಯನ್ನು ಬೇರೆ ಕಡೆಗೆ ಸ್ಥಳಾಂತರಿಸಬೇಕು, ಆ ಖರ್ಚಿಗೆ ಹಣ ಹೊಂದಿಸುತ್ತಿದ್ದೇನೆ.

ಮನೆಗೆ ಬರುವವರ ಬಗ್ಗೆ ಅಮ್ಮನಿಗೆ ಹೇಳಿಕೊಟ್ಟಿರುವುದು ಇಷ್ಟೇ. ನಾವು ಕರೆಯದೆ ಬಂದವರನ್ನು ಗ್ರಿಲ್ ಹೊರಗೇ ನಿಲ್ಲಿಸಿ ಮಾತಾಡು. ಆಧಾರ್, ಓಟಿಪಿ ಯಾರು ಕೇಳಿದರೂ ಕೊಡಬೇಡ. ಮೇಲೆ ಹೋಗಿ, ಹಿತ್ತಲಿಗೆ ಹೋಗಿ ಎಂದರೆ ಹೋಗಬೇಡ, ಪಕ್ಕದ ಮನೆ ಅಕ್ಕನನ್ನು ಕೂಗು. 2021ರ ನೇರ ಮಾರಾಟ ನಿಯಮಗಳಲ್ಲಿ ಗುರುತಿನ ಚೀಟಿ ಇಲ್ಲದೆ, ಮುಂಚೆ ಒಪ್ಪಿಗೆ ಪಡೆಯದೆ ಏಜೆಂಟರು ಮನೆಗೆ ಬರುವ ಹಾಗಿಲ್ಲ ಎಂದೇ ಇದೆ. ನಮ್ಮ ಹಾಗೆ ಈಗಾಗಲೇ ಹಣ ಕೊಟ್ಟವರು ಪಾವತಿಯ ಸ್ಕ್ರೀನ್‌ಶಾಟ್, ಕಾರ್ಡು, ಮಷೀನಿನ ಫೋಟೋ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ನಾನೂ ದೂರು ಕೊಟ್ಟಿದ್ದೇನೆ.

ಸಂಪು ರಿಪೇರಿ ಆದ ಮೇಲೆ ಎರಡನೇ ಸಲ ಕೊಟ್ಟ ಪರೀಕ್ಷೆಯಲ್ಲಿ ಕ್ರಿಮಿ ಇಲ್ಲ ಎಂದು ಬಂದಿದೆ. ಮಳೆಗಾಲ ಶುರುವಾದ ಮೇಲೆ ಇನ್ನೊಮ್ಮೆ ಕೊಡಬೇಕು. ಹಿರಿಯೂರಿನವರು ಯಾರಾದರೂ ನಿಮ್ಮ ಸಂಪಿನ ನೀರನ್ನೂ ತೋರಿಸಬೇಕು ಎಂದಿದ್ದರೆ ಹೇಳಿ. ಲ್ಯಾಬಿನಿಂದ ಬಾಟಲಿ ತರುವಾಗ ನಿಮಗೂ ಸೇರಿಸಿ ತರುತ್ತೇನೆ, ಐಸ್ ಪೆಟ್ಟಿಗೆಯಲ್ಲಿ ಜಾಗ ಇದೆ.