ಸರ್ವರ್ ಕೋಣೆಯ ಹಸ್ತಾಂತರ: ಮಳೆಗಾಲದ ಅಳತೆಯೊಂದನ್ನೇ ನಂಬಬೇಡಿ

ತೀರ್ಥಹಳ್ಳಿಯ ನಮ್ಮ ಸಹಕಾರ ಸಂಘದ ಅಡಿಕೆ ಬೆಳೆಗಾರರ ಖಾತೆ, ಸಾಲ, ತೂಕದ ಚೀಟಿ ಎಲ್ಲವೂ ಬಹಳ ವರ್ಷ ಮೇಜಿನ ಕೆಳಗಿನ ಒಂದು ಕಂಪ್ಯೂಟರಿನಲ್ಲಿದ್ದವು. ಕಳೆದ ವರ್ಷ ಹಳೆಯ ದಾಸ್ತಾನು ಕೋಣೆಯನ್ನು ಸರ್ವರ್ ಕೋಣೆಯಾಗಿ ಮಾಡಿಕೊಡಲು ಶಿವಮೊಗ್ಗದ ಸಣ್ಣ ತಂಡವೊಂದಕ್ಕೆ ಒಪ್ಪಿಸಿದೆವು. ಮುಗಿದ ಕೆಲಸವನ್ನು ನೋಡಿ ಸಹಿ ಹಾಕುವ ಹೊಣೆ ನನ್ನದಾಗಿತ್ತು.

ಕೆಲಸದಲ್ಲಿ ಅವರಿಗೆ ಶ್ರದ್ಧೆಯಿದೆ. ಮಳೆ ಬಂದು ಬಡಿಯುವುದು ಪಶ್ಚಿಮದಿಂದ ಎಂದು ತಿಳಿದು ಆ ಕಡೆಯ ಕಿಟಕಿಯನ್ನೇ ಮುಚ್ಚಿಸಿದರು. ಜಂಬಿಟ್ಟಿಗೆ ಗೋಡೆ ಕೊರೆದಾಗ ಎದ್ದ ಕೆಂಪು ಧೂಳನ್ನು ಯಂತ್ರದಿಂದ ಹೀರಿಸಿ, ನೆಲವನ್ನು ಬಿಳಿ ಬಟ್ಟೆಯಿಂದ ಒರೆಸಿ ತೋರಿಸುವವರೆಗೆ ಸರ್ವರ್ ಪೆಟ್ಟಿಗೆ ತೆರೆಯಲು ನಮಗೆ ಬಿಡಲಿಲ್ಲ. ಕೇಬಲ್ ಒಳಬರುವ ರಂಧ್ರಗಳನ್ನು ಬೆಂಕಿ ತಡೆಯುವ ಗಾರೆಯಂಥ ವಸ್ತುವಿನಿಂದ ತುಂಬಿದರು. ಆವರಣದಲ್ಲೇ ಗೋದಾಮು ಇರುವ ನಮಗೆ ಇಲಿಗಳ ದಾರಿಯೂ ಮುಚ್ಚಿದಂತಾಯಿತು. ಪ್ರತಿ ಕೇಬಲಿನ ಎರಡೂ ತುದಿಯಲ್ಲಿ ಒಂದೇ ಸಂಖ್ಯೆಯ ಚೀಟಿ ಇದೆ.

ಗೋದಾಮಿನ ತೂಕದ ಯಂತ್ರದವರೆಗೆ ನಾನು ತಾಮ್ರದ ಕೇಬಲ್ ಕೇಳಿದ್ದೆ. ಅವರು ಒಪ್ಪಲಿಲ್ಲ. ಕೇಬಲುಗಳೆಲ್ಲ ಬಂದು ಸೇರುವ ಫಲಕದಿಂದ (ಪ್ಯಾಚ್ ಪ್ಯಾನಲ್) ಗೋಡೆಯ ಸಾಕೆಟ್ಟಿನವರೆಗೆ ಅದು 90 ಮೀಟರ್ ದಾಟಬಾರದು, ಅಲ್ಲಿಗಿರುವುದು ಅದಕ್ಕಿಂತ ಹೆಚ್ಚು ದೂರ ಎಂದರು. ಬದಲಿಗೆ ಲೋಹವಿಲ್ಲದ ಫೈಬರ್ ಎಳೆದರು. ಎರಡು ಕಟ್ಟಡಗಳ ನಡುವೆ ಗಾಜಿನ ಎಳೆ ಇದ್ದರೆ ಸಿಡಿಲಿನ ವಿದ್ಯುತ್ ಅದರ ಮೂಲಕ ಒಳಗೆ ಬರುವುದಿಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಎರಡು ಮೋಡೆಮ್ ಕಳೆದುಕೊಂಡ ನನಗೆ ಅದರ ಬೆಲೆ ಗೊತ್ತು.

ತಕರಾರು ಬಂದದ್ದು ಹಸ್ತಾಂತರದ ದಿನ. ಯುಪಿಎಸ್ ಅರ್ಧ ಗಂಟೆ ತಾಳುತ್ತದೆ ಎಂದು ಕಾಗದದಲ್ಲಿತ್ತು. ಎಲ್ಲ ಯಂತ್ರಗಳನ್ನೂ ಚಾಲೂ ಮಾಡಿ ಮುಖ್ಯ ಸ್ವಿಚ್ ಆರಿಸಿ ಎಂದೆ. 17ನೇ ನಿಮಿಷಕ್ಕೆ ಕೋಣೆ ಕತ್ತಲಾಯಿತು. ಬ್ಯಾಟರಿಗಳಲ್ಲಿ ಒಂದು ಕೆಟ್ಟಿತ್ತು, ಮರುದಿನವೇ ಬದಲಿಸಿದರು. ನಕ್ಷೆಯ ವಿಷಯದಲ್ಲಿ ಮಾತ್ರ ನನಗೆ ನಿಜಕ್ಕೂ ಬೇಸರವಾಯಿತು. ಕೊಟ್ಟದ್ದು ಕೆಲಸಕ್ಕೆ ಮೊದಲು ಬರೆದ ನಕ್ಷೆ. ಅದರಲ್ಲಿ ಫೈಬರ್ ಇಲ್ಲ, ಮುಚ್ಚಿದ ಕಿಟಕಿ ತೆರೆದೇ ಇದೆ! ನಾಳೆ ಕೇಬಲ್ ಹುಡುಕುವವನು ಯಾವ ಗೋಡೆ ಒಡೆಯಬೇಕು? ಕಟ್ಟಿದ್ದನ್ನು ಕಟ್ಟಿದ ಹಾಗೆ ಬರೆದ ನಕ್ಷೆ ಕೈಸೇರಲು ಮೂರು ವಾರ ಬೇಕಾಯಿತು. ಅಲ್ಲಿಯವರೆಗೆ ನಾನು ಸಹಿ ಹಾಕಲಿಲ್ಲ.

ಇನ್ನು ಅರ್ತಿಂಗ್, ಅಂದರೆ ಸಿಡಿಲಿನ ಮತ್ತು ಸೋರಿಕೆಯ ವಿದ್ಯುತ್ತನ್ನು ನೆಲಕ್ಕೆ ಇಳಿಸುವ ಏರ್ಪಾಡು. ಒಪ್ಪಂದದ ಪ್ರಕಾರ ಅದರ ರೋಧ, ಅಂದರೆ ವಿದ್ಯುತ್ ಹರಿಯಲು ಇರುವ ಅಡ್ಡಿ, 1 ಓಮ್‌ಗಿಂತ ಕಡಿಮೆ ಇರಬೇಕು. ಜುಲೈನಲ್ಲಿ ಅಳೆದಾಗ 0.8 ಬಂತು. ತುಂಗೆ ತುಂಬಿ ಹರಿಯುವಾಗ, ನೆಲವೆಲ್ಲ ನೀರಾಗಿರುವಾಗ ಒಳ್ಳೆಯ ಅಂಕಿ ಬಾರದೆ ಏನು? ಮಣ್ಣು ಒಣಗಿದಷ್ಟೂ ಅದರ ರೋಧ ಏರುತ್ತದೆ. ನಮ್ಮ ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಕಲ್ಲಿನಂತಾಗುತ್ತದೆ, ಸಿಡಿಲು ಹೊಡೆಯುವುದೂ ಆ ನೆಲ ನೆನೆಯುವ ಮೊದಲೇ. ಏಪ್ರಿಲ್‌ನಲ್ಲಿ ಬಂದು ಮತ್ತೆ ಅಳೆಯಬೇಕು, ಕೊನೆಯ ಕಂತು ಅಲ್ಲಿಯವರೆಗೆ ನಮ್ಮಲ್ಲೇ ಇರುತ್ತದೆ ಎಂದೆ. ತಂಡದ ಮುಖ್ಯಸ್ಥರು ವಾದ ಮಾಡದೆ ಒಪ್ಪಂದದಲ್ಲಿ ಬರೆದುಕೊಟ್ಟರು. ಅವರ ಮೇಲೆ ನನಗೆ ಗೌರವ ಮೂಡಿದ್ದು ಆಗಲೇ.

ಹೇಳಿದಂತೆ ಬಂದರು. ಅಳತೆ 2.9 ತೋರಿಸಿತು. ಎರಡನೆಯ ಅರ್ತಿಂಗ್ ಗುಂಡಿ ತೆಗೆದು, ತೇವ ಹಿಡಿದಿಡುವ ಬೆಂಟೊನೈಟ್ ಜೇಡಿ ತುಂಬಿ, ತಾಮ್ರದ ಪಟ್ಟಿಯಿಂದ ಎರಡನ್ನೂ ಜೋಡಿಸಿದ ಮೇಲೆ 0.9ಕ್ಕೆ ಇಳಿಯಿತು. ಇದಕ್ಕೆ ಬೇರೆ ಹಣ ಕೇಳಲಿಲ್ಲ. ಉಳಿದ ಕಂತಿನ ಚೆಕ್ಕನ್ನು ಅಂದೇ ಕೊಟ್ಟೆವು. ಗುಂಡಿಯ ಮುಚ್ಚಳದ ಒಳಬದಿಯಲ್ಲಿ ಅಳತೆಯನ್ನೂ ದಿನಾಂಕವನ್ನೂ ಬಣ್ಣದಿಂದ ಬರೆದು, ಮುಂದಿನ ಏಪ್ರಿಲ್‌ಗೆ ಒಂದು ಸಾಲು ಖಾಲಿ ಬಿಟ್ಟು ಹೋಗಿದ್ದಾರೆ.